ಮಿದುಳಿನ ನರಪೆಪ್ಟೈಡುಗಳು ಮತ್ತು ವ್ಯಸನ: ಬ್ಯಾಡಗಿಯ ಖಾರದಿಂದ ಆರಂಭಿಸಿ ಒಂದು ವಿವೇಚನೆ

1. ವಿಷಯ ಪ್ರವೇಶ

ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಅಲ್ಲಿಯ ಮೆಣಸಿನಕಾಯಿಯ ಮೂಲಕ ನಾಡಿನ ಹೊರಗೂ ಪರಿಚಿತವಾಗಿದೆ. ಸುಕ್ಕುಗಟ್ಟಿದ ಸಿಪ್ಪೆ, ಗಾಢವಾದ ಕೆಂಪು ಬಣ್ಣ, ಮಿತವಾದ ಖಾರ, ಈ ಮೂರು ಲಕ್ಷಣಗಳಿಂದ ಅದು ಉಳಿದ ತಳಿಗಳಿಗಿಂತ ಬೇರೆಯಾಗಿ ನಿಲ್ಲುತ್ತದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಮೆಣಸಿನಕಾಯಿಯ ಖಾರವು ನಾಲಿಗೆಯನ್ನು ಸುಡುವಾಗ ನರಗಳ ತುದಿಯಲ್ಲಿ ಒಂದು ಸೂಕ್ಷ್ಮವಾದ ದ್ರವ್ಯವು ಬಿಡುಗಡೆಯಾಗುತ್ತದೆ. ಅದೇ ದ್ರವ್ಯವು ಮಿದುಳಿನೊಳಗೆ ಅಫೀಮು ಮತ್ತು ಮದ್ಯಗಳ ವ್ಯಸನದಲ್ಲಿಯೂ ಪಾತ್ರ ವಹಿಸುತ್ತದೆಂಬುದು ಇತ್ತೀಚಿನ ದಶಕಗಳ ಸಂಶೋಧನೆಯಿಂದ ವೇದ್ಯವಾಗಿರುವ ಸಂಗತಿ. ಈ ಅನಿರೀಕ್ಷಿತ ಸಂಬಂಧದ ಎಳೆಯನ್ನು ಹಿಡಿದು, ನರಪೆಪ್ಟೈಡುಗಳೆಂಬ ದ್ರವ್ಯಗಳು ಮಿದುಳಿನ ಡೋಪಮಿನ್ ವ್ಯವಸ್ಥೆಯನ್ನು ಹೇಗೆ ತಿದ್ದುತ್ತವೆ, ಅದರಿಂದ ವ್ಯಸನದ ಸ್ವರೂಪವನ್ನು ಕುರಿತು ನಾವು ತಿಳಿಯಬೇಕಾದುದೇನು ಎಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ವಿಷಯವು ಕೇವಲ ಪ್ರಯೋಗಶಾಲೆಗೆ ಸೇರಿದುದಲ್ಲ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಒಂದೇ ರೈಲು ಮಾರ್ಗದಲ್ಲಿರುವ ವ್ಯಾಪಾರದ ಊರುಗಳು. ದುಡಿಮೆಯ ಹಣವು ದಿನದ ಕೊನೆಗೆ ಕೈಗೆ ಬರುವ ಎಲ್ಲ ಪೇಟೆಗಳಲ್ಲಿರುವಂತೆ ಇಲ್ಲಿಯೂ ಮದ್ಯ, ಬೀಡಿ, ತಂಬಾಕು, ಗುಟಕಾಗಳು ಅನೇಕ ಮನೆಗಳ ನೆಮ್ಮದಿಯನ್ನು ಕೆಡಿಸಿವೆ. ಇವುಗಳನ್ನು ತಡೆಯಲು ಶಾಸನಗಳು ಬಾರದೆ ಇಲ್ಲ. 1956ರ ಏಕೀಕರಣಕ್ಕೆ ಮುನ್ನ ಈ ಪ್ರದೇಶವು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದು, 1949ರ ಮುಂಬಯಿ ಪಾನನಿರೋಧ ಶಾಸನಕ್ಕೆ ಒಳಪಟ್ಟಿತ್ತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿಯ ಮಾರಾಟವು ನಿಷಿದ್ಧವಾಯಿತು. 2013ರಲ್ಲಿ ಗುಟಕಾ ನಿಷೇಧವು ಬಂದಿತು. ಆದರೆ ಸಾರಾಯಿ ಹೋದಲ್ಲಿ ಬೇರೆ ಮದ್ಯವು ಬಂದಿತು. ಗುಟಕಾ ಹೋದಲ್ಲಿ ಪಾನ್ ಮಸಾಲೆಯು ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದು ಚೀಟಿನಲ್ಲಿ ಬಂದಿತು. ಶಾಸನವು ಪದಾರ್ಥದ ಪೂರೈಕೆಯನ್ನು ತಡೆಯಬಲ್ಲದು. ಅದರ ಹಂಬಲವು ನೆಲೆಸಿರುವುದು ಬೇರೊಂದು ಸ್ಥಳದಲ್ಲಿ.

ಹೀಗಿರಲು ಒಂದು ಪ್ರಶ್ನೆಯು ಸಹಜವಾಗಿ ಏಳುತ್ತದೆ. ಮಕ್ಕಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ ಮನುಷ್ಯನು, ಆ ಗಳಿಗೆಯಲ್ಲಿ ಪೂರ್ಣ ಪ್ರಾಮಾಣಿಕನಾಗಿದ್ದರೂ, ಮೂರನೆಯ ವಾರದಲ್ಲಿ ಮತ್ತೆ ಕುಡಿಯುವುದೇಕೆ? ಅವನ ಮನಸ್ಸು ದುರ್ಬಲವೆಂಬುದು ಲೋಕರೂಢಿಯ ಉತ್ತರ. ಡೋಪಮಿನ್ ಎಂಬ 'ಸುಖದ ರಸಾಯನ'ಕ್ಕೆ ಅವನು ದಾಸನಾಗಿದ್ದಾನೆಂಬುದು ಪತ್ರಿಕೆಗಳ ಉತ್ತರ. ಈ ಎರಡೂ ಉತ್ತರಗಳು ಅಪೂರ್ಣವೆಂಬುದನ್ನು ಮುಂದಿನ ವಿವೇಚನೆಯಿಂದ ವಾಚಕರು ಕಂಡುಕೊಳ್ಳಬಹುದು.

2. ಖಾರವೆಂಬ ನೋವು

ಖಾರವು ವಸ್ತುತಃ ರುಚಿಯಲ್ಲ. ಅದು ಒಂದು ಬಗೆಯ ನೋವು. ಮೆಣಸಿನಕಾಯಿಯ ಬೀಜಗಳು ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ ಕ್ಯಾಪ್ಸೈಸಿನ್ ಎಂಬ ದ್ರವ್ಯವು ಹೆಚ್ಚಾಗಿ ಇರುತ್ತದೆ. ಇದು ನರಗಳ ತುದಿಯಲ್ಲಿ ಶಾಖವನ್ನು ಗುರುತಿಸಲು ಇರುವ ಗ್ರಾಹಕವೊಂದನ್ನು ತೆರೆಯುತ್ತದೆ. ಆದುದರಿಂದಲೇ ಬೆಂಕಿಯಿಲ್ಲದೆ ಬಾಯಿ 'ಉರಿಯುತ್ತದೆ'. ಈ ಗ್ರಾಹಕವನ್ನು ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು 1997ರಲ್ಲಿ ಪ್ರತ್ಯೇಕಿಸಿ ತೋರಿಸಿದರು. 2021ರ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಜೂಲಿಯಸ್ ಅವರು ಪಾಲುಗಾರರಾದರು.

ಗ್ರಾಹಕವು ತೆರೆದೊಡನೆ ನರದ ತುದಿಯಿಂದ 'ಪಿ ದ್ರವ್ಯ'ವು ಹೊರಬೀಳುತ್ತದೆ. ಇದನ್ನು 1931ರಲ್ಲಿ ಲಂಡನ್ನಿನಲ್ಲಿ ಉಲ್ಫ್ ವಾನ್ ಆಯ್ಲರ್ ಮತ್ತು ಜಾನ್ ಗ್ಯಾಡಮ್ ಎಂಬವರು ಕುದುರೆಯ ಕರುಳು ಮತ್ತು ಮಿದುಳುಗಳಿಂದ ತೆಗೆದ ಪುಡಿಯಲ್ಲಿ ಕಂಡರು. ಅದು 11 ಅಮೈನೋ ಆಮ್ಲಗಳ ಒಂದು ಸರಣಿಯೆಂಬುದು ಸೂಸನ್ ಲೀಮನ್ ಅವರ ಪ್ರಯೋಗಶಾಲೆಯಲ್ಲಿ 1971ರ ವೇಳೆಗೆ ಸ್ಪಷ್ಟವಾಯಿತು. ಹೀಗೆ ಅಮೈನೋ ಆಮ್ಲಗಳು ಮಣಿಸರದಂತೆ ಪೋಣಿಸಲ್ಪಟ್ಟು, ನರಕೋಶಗಳಲ್ಲಿ ತಯಾರಾಗಿ, ಸಂದೇಶವನ್ನು ಒಯ್ಯುವ ದ್ರವ್ಯಗಳಿಗೆ ನರಪೆಪ್ಟೈಡುಗಳೆಂದು ಹೆಸರು. ಇವುಗಳಲ್ಲಿ ಸುಮಾರು ನೂರನ್ನು ಇದುವರೆಗೆ ಗುರುತಿಸಲಾಗಿದೆ.

ಇಲ್ಲಿಯೇ ಒಂದು ಭೇದವನ್ನು ಗಮನಿಸುವುದು ಯುಕ್ತ. ಖಾರವನ್ನು ಉಂಡು ರೂಢಿಯಾದವರಿಗೆ ಸಪ್ಪೆ ಊಟವು ಸೇರುವುದಿಲ್ಲವೆಂಬುದು ನಿಜ. ಪದೇ ಪದೇ ಕ್ಯಾಪ್ಸೈಸಿನ್ ತಗಲಿದ ನರಗಳು ಅದಕ್ಕೆ ಜಡವಾಗುತ್ತವೆಂಬುದೂ ನಿಜ. ಆದರೆ ಖಾರಕ್ಕಾಗಿ ಯಾರೂ ಹೊಲವನ್ನು ಒತ್ತೆಯಿಟ್ಟುದಿಲ್ಲ; ಅದು ದೊರೆಯದ ದಿನ ಕೈ ನಡುಗಿ, ಬೆವರಿ, ನಿದ್ದೆಗೆಟ್ಟವರಿಲ್ಲ. ಖಾರವು ಅಭ್ಯಾಸವೇ ಹೊರತು ವ್ಯಸನವಲ್ಲ. ಹಾನಿಯು ಕಣ್ಣಿಗೆ ಕಾಣುತ್ತಿದ್ದರೂ ಬಿಡಲಾಗದಿರುವುದು, ಬಿಟ್ಟಾಗ ದೇಹಮನಸ್ಸುಗಳು ಬಾಧೆಗೊಳಗಾಗುವುದು, ಬಹುಕಾಲದ ಬಳಿಕವೂ ಹಂಬಲವು ಮರುಕಳಿಸುವುದು, ಇವೇ ವ್ಯಸನದ ಲಕ್ಷಣಗಳು.

3. ಬೀಜ ಮತ್ತು ಹದ

ಮಿದುಳಿನ ನರಕೋಶಗಳು ಒಂದರೊಡನೊಂದು ಮಾತನಾಡುವುದು ರಾಸಾಯನಿಕ ದೂತರ ಮೂಲಕ. ಈ ದೂತರು ಸ್ಥೂಲವಾಗಿ ಎರಡು ಬಗೆ. ಮೊದಲನೆಯವು ಡೋಪಮಿನ್, ಗ್ಲುಟಮೇಟ್ ಮುಂತಾದ ಸಣ್ಣ ಅಣುಗಳು. ಇವು ನರದ ತುದಿಯಲ್ಲಿಯೇ ತಯಾರಾಗಬಲ್ಲವು. ಬಿಡುಗಡೆಯಾದ ಬಳಿಕ ಬಹುಮಟ್ಟಿಗೆ ಮತ್ತೆ ಒಳಗೆ ಸೆಳೆಯಲ್ಪಟ್ಟು ಪುನಃ ಉಪಯೋಗಕ್ಕೆ ಬರುತ್ತವೆ. ಎರಡನೆಯವು ನರಪೆಪ್ಟೈಡುಗಳು. ಇವು ನರಕೋಶದ ಒಡಲಿನಲ್ಲಿ ಜೀನುಗಳ ಆಜ್ಞೆಯಂತೆ ತಯಾರಾಗಿ, ದೊಡ್ಡ ಕೋಶಿಕೆಗಳಲ್ಲಿ ತುಂಬಲ್ಪಟ್ಟು, ನರದ ಉದ್ದಕ್ಕೂ ಸಾಗಿ ಬರಬೇಕು. ನರಕೋಶವು ಬಿಡುವಿಲ್ಲದೆ ಉದ್ರೇಕಗೊಂಡಾಗಲೇ ಇವು ಹೆಚ್ಚಾಗಿ ಹೊರಬೀಳುತ್ತವೆ. ಹೊರಬಿದ್ದುದು ಮರಳಿ ಒಳಗೆ ಬರುವುದಿಲ್ಲ. ಕಿಣ್ವಗಳು ಅದನ್ನು ಕತ್ತರಿಸುವವರೆಗೆ ಸುತ್ತಲೂ ಹರಡಿ, ಅತ್ಯಲ್ಪ ಪ್ರಮಾಣದಲ್ಲಿಯೇ ಬಹಳ ಹೊತ್ತು ಕೆಲಸ ಮಾಡುತ್ತದೆ.

ಇವೆರಡೂ ಪ್ರತ್ಯೇಕ ನರಗಳಲ್ಲಿರುವುವೆಂದು ಹಿಂದೆ ನಂಬಲಾಗಿತ್ತು. ಸ್ಟಾಕ್‌ಹೋಮಿನ ತೋಮಾಸ್ ಹೊಕ್‌ಫೆಲ್ಟ್ ಮತ್ತು ಸಂಗಡಿಗರು ಒಂದೇ ನರಕೋಶದಲ್ಲಿ ಎರಡೂ ಇರಬಲ್ಲವೆಂದು ತೋರಿಸಿದರು. ಡೋಪಮಿನ್ ಇರುವ ಕೆಲವು ನರಕೋಶಗಳಲ್ಲಿಯೇ ಕೊಲೆಸಿಸ್ಟೊಕೈನಿನ್ ಎಂಬ ಪೆಪ್ಟೈಡೂ ಇರುವುದನ್ನು ಅವರು 1980ರಲ್ಲಿ ಪ್ರಕಟಿಸಿದರು.

ರಾಣೆಬೆನ್ನೂರಿನ ಸುತ್ತಿನ ಬೀಜೋತ್ಪಾದಕರಿಗೆ ಪರಿಚಿತವಾದ ಉಪಮೆಯಿಂದ ಇದನ್ನು ಹೇಳುವುದಾದರೆ, ಡೋಪಮಿನ್ ಬಿತ್ತಿದ ಬೀಜವಿದ್ದಂತೆ, ನರಪೆಪ್ಟೈಡು ಭೂಮಿಯ ಹದವಿದ್ದಂತೆ. ಬೀಜವನ್ನು ಒಂದು ದಿನದಲ್ಲಿ ಬಿತ್ತಬಹುದು. ಹದವು ನಿಧಾನವಾಗಿ ಕೂಡಿಬಂದು ನಿಧಾನವಾಗಿ ಹೋಗುತ್ತದೆ. ಅದೇ ಬೀಜವು ಹದವಿದ್ದಲ್ಲಿ ಒಂದು ಬಗೆಯಾಗಿ, ಹದಗೆಟ್ಟಲ್ಲಿ ಇನ್ನೊಂದು ಬಗೆಯಾಗಿ ಏಳುತ್ತದೆ. ವ್ಯಸನವೆಂಬುದು ಕೇವಲ ಬೀಜದ ಕಥೆಯಲ್ಲ. ಹದಗೆಟ್ಟ ನೆಲದ ಕಥೆಯೂ ಹೌದು.

4. ಡೋಪಮಿನ್ನಿನ ನಿಜವಾದ ಕೆಲಸ

ಡೋಪಮಿನ್ ಸ್ವತಂತ್ರವಾದ ನರವಾಹಕವೆಂಬುದನ್ನು ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅವರು 1950ರ ದಶಕದ ಕೊನೆಯಲ್ಲಿ ಸ್ಥಾಪಿಸಿದರು. 2000ದಲ್ಲಿ ಅವರಿಗೆ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಅದಕ್ಕೂ ಮುನ್ನ, 1954ರಲ್ಲಿ, ಕೆನಡಾದ ಮಾಂಟ್ರಿಯಲ್ಲಿನಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಅವರು ಇಲಿಯ ಮಿದುಳಿನ ಕೆಲವು ಸ್ಥಾನಗಳಿಗೆ ಮಂದವಾದ ವಿದ್ಯುತ್ತನ್ನು ಹಾಯಿಸಿದಾಗ ಅದು ಸನ್ನೆಯನ್ನು ತಾನೇ ಮೇಲಿಂದ ಮೇಲೆ ಒತ್ತತೊಡಗಿದುದನ್ನು ಕಂಡಿದ್ದರು. ಈ ಮಾರ್ಗದಲ್ಲಿ ಡೋಪಮಿನ್ ನರಗಳು ಮುಖ್ಯವೆಂದು ಮುಂದೆ ತಿಳಿಯಿತು. ಅವು ನಡುಮಿದುಳಿನ ತಳಭಾಗದಲ್ಲಿ ಹುಟ್ಟಿ, ಮುಂಭಾಗದ ಆಳದಲ್ಲಿರುವ ಅಕ್ಯುಂಬೆನ್ಸ್ ಎಂಬ ನರಗಂಟಿನವರೆಗೆ ಸಾಗುತ್ತವೆ.

ಆದರೆ ಡೋಪಮಿನ್ ಎಂದರೆ ಸುಖವೆನ್ನುವುದು ಸರಿಯಲ್ಲ. ವೋಲ್‌ಫ್ರಾಮ್ ಶುಲ್ಟ್ಸ್ ಅವರು ಮಂಗಗಳ ಮೇಲೆ ನಡೆಸಿದ ಅಭ್ಯಾಸಗಳಿಂದ ಬೇರೊಂದು ಸಂಗತಿಯು ಹೊರಬಿದ್ದಿತು. ಅನಿರೀಕ್ಷಿತವಾಗಿ ಹಣ್ಣಿನ ರಸ ದೊರೆತಾಗ ಡೋಪಮಿನ್ ನರಗಳು ಉದ್ರೇಕಗೊಂಡವು. ರಸಕ್ಕೆ ಮುನ್ನ ದೀಪವೊಂದು ಬೆಳಗುವುದೆಂದು ಪ್ರಾಣಿಯು ಕಲಿತ ಮೇಲೆ ಅವು ದೀಪಕ್ಕೆ ಉದ್ರೇಕಗೊಂಡವು, ರಸಕ್ಕಲ್ಲ. ದೀಪ ಬೆಳಗಿಯೂ ರಸ ಬಾರದಿದ್ದಾಗ ಅವು ತಮ್ಮ ಸಹಜ ಮಟ್ಟಕ್ಕಿಂತ ಕೆಳಗಿಳಿದವು. ಅರ್ಥಾತ್, ಡೋಪಮಿನ್ ಸುಖವನ್ನು ಅಳೆಯುವುದಕ್ಕಿಂತ ಹೆಚ್ಚಾಗಿ ನಿರೀಕ್ಷೆಯನ್ನು ಕಲಿಸುತ್ತದೆ. ಸುಖಪಡುವುದು ಬೇರೆ, ಬಯಸುವುದು ಬೇರೆ. ಬಹುಕಾಲದ ಕುಡುಕನು ಕುಡಿತದಿಂದ ಹೆಚ್ಚು ಸುಖವನ್ನೇನೂ ಪಡೆಯದೆ ಅದನ್ನೇ ಬಯಸುತ್ತಿರುವುದರ ಮರ್ಮವು ಇಲ್ಲಿದೆ. ಸಂಜೆ ಪೇಟೆಯಿಂದ ಮರಳುವ ದಾರಿ, ಜೊತೆಗಾರನ ಕರೆ, ಕೈಗೆ ಬಂದ ಕೂಲಿ, ಇವೆಲ್ಲ ಅವನ ಪಾಲಿಗೆ ಆ ದೀಪದಂತಾಗಿರುತ್ತವೆ.

5. ಪೆಪ್ಟೈಡುಗಳು ಡೋಪಮಿನ್ನನ್ನು ತಿದ್ದುವ ಬಗೆ

ಈಗ ಪ್ರಮುಖವಾದ ಕೆಲವು ಪೆಪ್ಟೈಡುಗಳನ್ನು ಕ್ರಮವಾಗಿ ಪರಿಶೀಲಿಸೋಣ. ಈ ಜ್ಞಾನದ ಬಹುಭಾಗವು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಬಂದುದೆಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.

(ಅ) ಎನ್‌ಕೆಫಲಿನ್ ಮತ್ತು ಎಂಡಾರ್ಫಿನ್‌ಗಳು. ಅಫೀಮಿನ ಸಾರಕ್ಕೆ ಮಿದುಳಿನಲ್ಲಿ ಗ್ರಾಹಕವಿರುವುದೆಂದು 1973ರಲ್ಲಿ ತಿಳಿದಾಗ, ಗಸಗಸೆ ಗಿಡದ ರಸಕ್ಕೆ ಮನುಷ್ಯನ ತಲೆಯಲ್ಲಿ ಬಾಗಿಲೇಕೆ ಎಂಬ ಪ್ರಶ್ನೆ ಹುಟ್ಟಿತು. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕೋಸ್ಟರ್‌ಲಿಟ್ಸ್ ಅವರು ಉತ್ತರವನ್ನು ಕೊಟ್ಟರು: ಮಿದುಳು ತನ್ನದೇ ಆದ ಅಫೀಮನ್ನು, ಕೇವಲ ಐದು ಅಮೈನೋ ಆಮ್ಲಗಳ ಎನ್‌ಕೆಫಲಿನ್ನನ್ನು, ತಯಾರಿಸುತ್ತದೆ. ಇವು ಡೋಪಮಿನ್ ನರಗಳನ್ನು ನೇರವಾಗಿ ಕೆರಳಿಸುವುದಿಲ್ಲ. ಅವುಗಳನ್ನು ಹಿಡಿದಿಟ್ಟಿರುವ ಕಾವಲು ನರಗಳನ್ನು ಸುಮ್ಮನಾಗಿಸುತ್ತವೆ. ಲಗಾಮು ಸಡಿಲವಾದ ಎತ್ತಿನಂತೆ ಡೋಪಮಿನ್ ನರಗಳು ಮುನ್ನುಗ್ಗುತ್ತವೆ. ಮದ್ಯವು ಈ ಪೆಪ್ಟೈಡುಗಳನ್ನು ಬಿಡುಗಡೆ ಮಾಡಿಸಿ ಇದೇ ಬಾಗಿಲಿನಿಂದ ಒಳಹೊಗುತ್ತದೆ.

(ಆ) ಡೈನಾರ್ಫಿನ್. 1979ರಲ್ಲಿ ಏವ್ರಮ್ ಗೋಲ್ಡ್‌ಸ್ಟೀನ್ ಮತ್ತು ಸಂಗಡಿಗರು ವಿವರಿಸಿದ ಈ ಪೆಪ್ಟೈಡು ಅದೇ ಕುಟುಂಬದ್ದಾದರೂ ಇದರ ನಡತೆ ವಿರುದ್ಧವಾದುದು. ಇದು ಡೋಪಮಿನ್ ನರಗಳ ತುದಿಯ ಗ್ರಾಹಕವನ್ನು ಹಿಡಿದು ಡೋಪಮಿನ್ನಿನ ಬಿಡುಗಡೆಯನ್ನೇ ತಗ್ಗಿಸುತ್ತದೆ. ಮಾದಕ ದ್ರವ್ಯವು ಮತ್ತೆ ಮತ್ತೆ ಡೋಪಮಿನ್ನನ್ನು ಹೆಚ್ಚಿಸಿದಾಗ ಮಿದುಳು ಸಮತೋಲಕ್ಕಾಗಿ ಡೈನಾರ್ಫಿನ್ನನ್ನು ಹೆಚ್ಚಾಗಿ ತಯಾರಿಸತೊಡಗುತ್ತದೆ. ದ್ರವ್ಯವು ನಿಂತುಹೋದ ಮೇಲೂ ಈ ಹೆಚ್ಚಿದ ತಯಾರಿಕೆಯು ಕೂಡಲೇ ನಿಲ್ಲುವುದಿಲ್ಲ. ಫಲವಾಗಿ ಊಟ, ಹಾಡು, ಮಗುವಿನ ಮಾತು, ಯಾವುದರಲ್ಲಿಯೂ ರಸವಿಲ್ಲದ ಒಂದು ಬೇಸರವು ಕವಿಯುತ್ತದೆ.

(ಇ) ಕಾರ್ಟಿಕೊಟ್ರೊಪಿನ್ ಬಿಡುಗಡೆಕಾರಕ. 1981ರಲ್ಲಿ ವೈಲಿ ವೇಲ್ ಮತ್ತು ಸಂಗಡಿಗರು ನಿರ್ಣಯಿಸಿದ, 41 ಅಮೈನೋ ಆಮ್ಲಗಳ ಈ ಪೆಪ್ಟೈಡು ಆತಂಕದ ದೂತ. ಭಯಭಾವಗಳ ನೆಲೆಯಾದ ಅಮಿಗ್ಡಲ ಪ್ರದೇಶದಲ್ಲಿ, ಚಟ ಬಿಟ್ಟ ದಿನಗಳಲ್ಲಿ, ಇದು ಏರುತ್ತದೆ. ಚಡಪಡಿಕೆ, ಸಿಡುಕು, ನಿದ್ರಾಹೀನತೆಗಳಿಗೆ ಇದೊಂದು ಮುಖ್ಯ ಕಾರಣ. ಬಹುಕಾಲ ದೂರವಿದ್ದವನನ್ನೂ ಆಕಸ್ಮಿಕವಾದ ಚಿಂತೆಯು, ಕುಸಿದ ದರ, ತೀರದ ಸಾಲ ಅಥವಾ ಮನೆಯ ಜಗಳವು, ಮತ್ತೆ ಚಟಕ್ಕೆ ತಳ್ಳುವುದು ಈ ದೂತನ ಮೂಲಕವೂ ಹೌದು.

(ಈ) ಓರೆಕ್ಸಿನ್. 1998ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಕಂಡ ಈ ಪೆಪ್ಟೈಡನ್ನು ತಯಾರಿಸುವ ನರಕೋಶಗಳು ಹೈಪೊಥಲಮಸ್ಸಿನಲ್ಲಿ ಮಾತ್ರ ಇವೆ. ಎಚ್ಚರ ಮತ್ತು ಹಸಿವುಗಳನ್ನು ಕಾಯುವ ಇದು ಡೋಪಮಿನ್ ನರಗಳನ್ನೂ ಚುರುಕುಗೊಳಿಸಿ, ಗುರುತಿನ ದಾರಿ ಅಥವಾ ವಾಸನೆಯು ಎದುರಾದಾಗ ಹುಡುಕಾಟಕ್ಕೆ ಎಬ್ಬಿಸುತ್ತದೆ.

(ಉ) ಪಿ ದ್ರವ್ಯ. ಇಲ್ಲಿ ನಾವು ಆರಂಭದ ಖಾರಕ್ಕೆ ಮರಳುತ್ತೇವೆ. ನಾಲಿಗೆಯ ನರದಲ್ಲಿ ನೋವನ್ನು ಸಾರುವ ಈ ಪೆಪ್ಟೈಡಿಗೆ ಮಿದುಳಿನ ಭಾವಕೇಂದ್ರಗಳಲ್ಲಿಯೂ ಗ್ರಾಹಕಗಳಿವೆ. 2000ದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಈ ಗ್ರಾಹಕವೇ ಇಲ್ಲದಂತೆ ಬೆಳೆಸಿದ ಇಲಿಗಳು ಮಾರ್ಫೀನಿಗೆ ಮನಸೋಲಲಿಲ್ಲ. ಕೊಕೇನಿಗೆ ಮಾತ್ರ ಎಂದಿನಂತೆ ಸೋತವು. ಪ್ರತಿಯೊಂದು ಮಾದಕವೂ ತನ್ನದೇ ಆದ ಪೆಪ್ಟೈಡಿನ ದಾರಿಯನ್ನು ಹಿಡಿಯುವುದೆಂಬುದಕ್ಕೆ ಇದು ಸಾಕ್ಷಿ. ಬ್ಯಾಡಗಿಯ ಕಾಯಿಯನ್ನು ತಿಂದರೆ ವ್ಯಸನವು ಬರುವುದೆಂದಾಗಲಿ ಹೋಗುವುದೆಂದಾಗಲಿ ಇದರಿಂದ ತಿಳಿಯಬಾರದು; ನಾಲಿಗೆಯಲ್ಲಿ ಹೊರಬಿದ್ದ ಪೆಪ್ಟೈಡು ಮಿದುಳಿನ ಆ ಕೇಂದ್ರಗಳಿಗೆ ಹೋಗಿ ಸೇರುವುದಿಲ್ಲ. ಒಂದೇ ಅಕ್ಷರವು ಬೇರೆ ಬೇರೆ ಪದಗಳಲ್ಲಿ ಬೇರೆ ಅರ್ಥವನ್ನು ಕೊಡುವಂತೆ, ಒಂದೇ ಪೆಪ್ಟೈಡು ಬೇರೆ ಬೇರೆ ಸ್ಥಾನಗಳಲ್ಲಿ ಬೇರೆ ಕೆಲಸವನ್ನು ಮಾಡುತ್ತದೆ.

ತಂಬಾಕಿನ ವಿಷಯದಲ್ಲಿ ಒಂದು ಮಾತು. ನಿಕೋಟಿನ್ ಡೋಪಮಿನ್ ನರಗಳ ಮೇಲಿರುವ ಅಸಿಟೈಲ್‌ಕೊಲೀನ್ ಗ್ರಾಹಕಗಳನ್ನು ನೇರವಾಗಿ ತೆರೆಯುತ್ತದೆ. ಎಲೆ ಅಡಿಕೆಯೊಡನೆ ಅಥವಾ ಗುಟಕಾದಲ್ಲಿ ಇರುವ ಸುಣ್ಣವು ಬಾಯಿಯ ಆಮ್ಲತೆಯನ್ನು ತಗ್ಗಿಸಿ ನಿಕೋಟಿನ್ ಬೇಗನೆ ರಕ್ತಕ್ಕೆ ಸೇರುವಂತೆ ಮಾಡುತ್ತದೆ. ದ್ರವ್ಯವು ಬೇಗನೆ ಮಿದುಳನ್ನು ಮುಟ್ಟಿದಷ್ಟೂ ಚಟವು ಗಟ್ಟಿಯಾಗುತ್ತದೆ. ಪ್ರವೇಶದ ದ್ವಾರವು ಬೇರೆಯಾದರೂ, ಬಿಟ್ಟಾಗಿನ ಬಾಧೆಯಲ್ಲಿ ಮೇಲ್ಕಂಡ ಆತಂಕದ ಪೆಪ್ಟೈಡು ಇಲ್ಲಿಯೂ ಕಾಣಿಸಿಕೊಳ್ಳುತ್ತದೆ.

6. ಚಿಕಿತ್ಸೆಗೆ ಇದರಿಂದ ದೊರೆಯುವ ಬೆಳಕು

ಮೇಲಿನ ವಿವೇಚನೆಯಿಂದ ಒಂದು ಮುಖ್ಯವಾದ ನಿರ್ಣಯವು ಹೊರಡುತ್ತದೆ. ಆರಂಭದಲ್ಲಿ ಮನುಷ್ಯನು ಸುಖಕ್ಕಾಗಿ ಕುಡಿಯುತ್ತಾನೆ. ವ್ಯಸನವು ಬೇರೂರಿದ ಮೇಲೆ ಹೆಚ್ಚಾಗಿ ಬಾಧೆಯಿಂದ ತಪ್ಪಿಸಿಕೊಳ್ಳಲು ಕುಡಿಯುತ್ತಾನೆ. ಮೂರನೆಯ ವಾರದಲ್ಲಿ ಆಣೆ ಮುರಿದವನು ಸುಖವನ್ನು ಅರಸಿ ಹೋದವನಲ್ಲ. ಡೈನಾರ್ಫಿನ್ನಿನ ಬೇಸರ ಮತ್ತು ಆತಂಕದ ಪೆಪ್ಟೈಡಿನ ಚಡಪಡಿಕೆ, ಇವೆರಡರ ನಡುವೆ ಸಿಕ್ಕಿ, ತನಗೆ ಗೊತ್ತಿದ್ದ ಒಂದೇ ಪರಿಹಾರದ ಕಡೆಗೆ ಓಡಿದವನು. ಆಣೆಯು ಒಂದು ಗಳಿಗೆಯ ಮಾತು. ಹದಗೆಟ್ಟ ನೆಲವು ಸುಧಾರಿಸಲು ತಿಂಗಳುಗಳೇ ಬೇಕು. ಇದರಿಂದ ವ್ಯಸನಿಯ ಹೊಣೆಯು ಇಲ್ಲವಾಗುವುದಿಲ್ಲ. ಆದರೆ ಅವನಿಗೆ ನೆರವು ಯಾವಾಗ, ಎಷ್ಟು ಕಾಲ ಬೇಕೆಂಬುದು ಸ್ಪಷ್ಟವಾಗುತ್ತದೆ.

ಔಷಧಗಳ ವಿಷಯದಲ್ಲಿ ಯಶಸ್ಸೂ ಇದೆ, ನಿರಾಶೆಯೂ ಇದೆ. ಅಫೀಮಿನ ಗ್ರಾಹಕವನ್ನು ಮುಚ್ಚಿಬಿಡುವ ನಾಲ್‌ಟ್ರೆಕ್ಸೋನ್ ಎಂಬ ಔಷಧಕ್ಕೆ 1994ರಲ್ಲಿ ಅಮೆರಿಕದಲ್ಲಿ ಮದ್ಯವ್ಯಸನದ ಚಿಕಿತ್ಸೆಗಾಗಿ ಒಪ್ಪಿಗೆ ದೊರೆಯಿತು. ಭಾರತದಲ್ಲಿಯೂ ಅದು ಬಳಕೆಯಲ್ಲಿದೆ. ಅದನ್ನು ತೆಗೆದುಕೊಂಡವರಲ್ಲಿ ಅನೇಕರಿಗೆ ಕುಡಿತದ ಹಿಡಿತವು ಸಡಿಲವಾಗುತ್ತದೆ, ಎಲ್ಲರಿಗೂ ಅಲ್ಲ. ಪಿ ದ್ರವ್ಯದ ಗ್ರಾಹಕವನ್ನು ತಡೆಯುವ ಔಷಧವೊಂದು 2008ರ ಸಣ್ಣ ಪ್ರಯೋಗದಲ್ಲಿ ಮದ್ಯದ ಹಂಬಲವನ್ನು ತಗ್ಗಿಸಿತಾದರೂ ಮುಂದೆ ಅದೇ ಬಗೆಯ ಔಷಧಗಳಿಂದ ನಿರೀಕ್ಷಿಸಿದ ಫಲವು ದೊರೆಯಲಿಲ್ಲ. ಆತಂಕದ ಪೆಪ್ಟೈಡನ್ನು ತಡೆಯುವ ಔಷಧಗಳು ಇಲಿಗಳಲ್ಲಿ ಗೆದ್ದು ಮನುಷ್ಯರಲ್ಲಿ ಸೋತವು. ಮಧುಮೇಹಕ್ಕೆ ಕೊಡುವ ಸೆಮಾಗ್ಲುಟೈಡ್, ಕರುಳಿನ ಪೆಪ್ಟೈಡೊಂದರ ಅನುಕರಣ, ಕುಡಿತದ ಪ್ರಮಾಣವನ್ನು ತಗ್ಗಿಸಿತೆಂದು 2025ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗವು ಹೇಳುತ್ತದೆ. ದೊಡ್ಡ ಪ್ರಯೋಗಗಳ ಸಮರ್ಥನೆಯಿಲ್ಲದೆ ಅದನ್ನು ಸಿದ್ಧಾಂತವೆನ್ನಲಾಗದು.

ವ್ಯವಹಾರದ ದೃಷ್ಟಿಯಿಂದ ಮೂರು ಮಾತುಗಳು ಮುಖ್ಯವಾದುವು. ಒಂದನೆಯದಾಗಿ, ಬಹುಕಾಲ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಸೆಳೆತ ಮತ್ತು ಸನ್ನಿಗಳುಂಟಾಗಿ ಪ್ರಾಣಾಪಾಯವೂ ಆಗಬಹುದು. ವೈದ್ಯರ ನೆರವಿನಿಂದಲೇ ಬಿಡಿಸತಕ್ಕದ್ದು. ಅವನಿಗೆ ತಿಳಿಯದಂತೆ ಊಟದಲ್ಲಿ ಯಾವುದೇ ಔಷಧವನ್ನು ಬೆರೆಸುವುದು ಅಪಾಯಕರವೂ ಅನ್ಯಾಯವೂ ಆಗಿದೆ. ಎರಡನೆಯದಾಗಿ, ಬಿಟ್ಟ ಮೊದಲ ತಿಂಗಳುಗಳಲ್ಲಿ ಹಳೆಯ ದಾರಿ, ಹಳೆಯ ಹೊತ್ತು, ಹಳೆಯ ಜೊತೆಗಳನ್ನು ಬದಲಿಸುವುದು ಹೇಡಿತನವಲ್ಲ. ಡೋಪಮಿನ್ ಕಲಿತ ಪಾಠವನ್ನು ಮರೆಯಿಸುವ ಉಪಾಯವದು. ಮೂರನೆಯದಾಗಿ, ಮನೆಯವರ ನಿಂದೆಯು ಆತಂಕವನ್ನು ಹೆಚ್ಚಿಸಿ, ತಾವು ತಡೆಯಬೇಕೆಂದಿದ್ದುದನ್ನೇ ಹತ್ತಿರ ತರುವ ಸಂಭವವಿದೆ. ಮರಳಿ ಬಿದ್ದವನನ್ನು ಮರುದಿನವೇ ಚಿಕಿತ್ಸೆಗೆ ಕರೆದೊಯ್ಯುವುದು ಹೆಚ್ಚು ಫಲಕಾರಿ.

ಇಂತಹ ಚಿಕಿತ್ಸೆಗೆ ಹಾವೇರಿಯವರು ಬಹುದೂರ ಹೋಗಬೇಕಾಗಿಲ್ಲ. ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆ, ಅಂದರೆ ಡಿಮ್ಹಾನ್ಸ್, ಉತ್ತರ ಕರ್ನಾಟಕದ ಹಳೆಯ ಆಶ್ರಯ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವೇ ಇದೆ. 2022ರಲ್ಲಿ ಆರಂಭವಾದ 'ಟೆಲಿ ಮಾನಸ್' ಸರಕಾರಿ ಸೇವೆಗೆ 14416 ಸಂಖ್ಯೆಯಲ್ಲಿ ದೂರವಾಣಿ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

7. ಸಮಾರೋಪ

ಡೋಪಮಿನ್ನೊಂದನ್ನೇ ನೋಡಿದಾಗ ವ್ಯಸನವು ಅತಿಯಾದ ಸುಖಾಪೇಕ್ಷೆಯಾಗಿ ತೋರುತ್ತದೆ. ನರಪೆಪ್ಟೈಡುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಅದು ಬಹುಕಾಲ ಉಳಿಯುವ ಒಂದು ಬಾಧೆಯಾಗಿ ತೋರುತ್ತದೆ. ನೋಟದ ಈ ಬದಲಾವಣೆಯು ಅಲ್ಪವಾದುದಲ್ಲ. ಸುಖಲೋಲುಪನಿಗೆ ಸಮಾಜವು ಕೊಡುವುದು ಉಪದೇಶ ಮತ್ತು ದಂಡ. ಬಾಧಿತನಿಗೆ ಕೊಡಬೇಕಾದುದು ಚಿಕಿತ್ಸೆ ಮತ್ತು ಕಾಲಾವಕಾಶ. ಕಾಲೇಜುಗಳ ಅಧ್ಯಾಪಕರು ತಮ್ಮ ಮುಂದೆ ಕುಳಿತ ವಿದ್ಯಾರ್ಥಿಗಳಲ್ಲಿ ಇಂತಹ ಮನೆಗಳಿಂದ ಬಂದವರೂ ಇರುವರೆಂಬುದನ್ನು ನೆನೆದು, ಜೀವಶಾಸ್ತ್ರ ಅಥವಾ ಮನಶ್ಶಾಸ್ತ್ರದ ಪಾಠದಲ್ಲಿ ಈ ವಿಷಯವನ್ನು ಒಂದು ಗಂಟೆಯಾದರೂ ವಿವರಿಸಿದರೆ, ತಂದೆಯ ಕುಡಿತಕ್ಕೆ ತಾನೇ ಕಾರಣವೆಂದು ಕೊರಗುತ್ತಿರುವ ಯಾವನೋ ಒಬ್ಬ ಹುಡುಗನ ಅಥವಾ ಹುಡುಗಿಯ ಮನಸ್ಸಿನ ಭಾರವು ಇಳಿಯಬಹುದು. ಮನೆಯವರು ಧಾರವಾಡದ ದಾರಿಯನ್ನು ಹಿಡಿಯಲೂಬಹುದು.